ವಿಪಶ್ಯನದ ಹತ್ತು ದಿನ: ಶಿಬಿರ ಏನು ಕಲಿಸುತ್ತದೆ, ಮನೆಗೆ ಬಂದ ಮೇಲೆ ಏನು ಉಳಿಯುತ್ತದೆ

ವಿಪಶ್ಯನ ಅಂದರೆ ಮೈಯಲ್ಲಿ ಏಳುವ ಸಂವೇದನೆಗಳನ್ನು ಇದ್ದಂತೆ ಗಮನಿಸುವ ಬೌದ್ಧ ಧ್ಯಾನ. ಎಸ್. ಎನ್. ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಶ್ಯನ ಶಿಬಿರವನ್ನು ಧ್ಯಾನ ಕಲಿಸುವ ವ್ಯವಸ್ಥೆ ಅಂತ ನೋಡಿದರೆ ಅದಕ್ಕೆ ಸಾಟಿಯಾದದ್ದು ನಮ್ಮಲ್ಲಿ ಹೆಚ್ಚಿಲ್ಲ. ನೆಮ್ಮದಿ ಕೊಡುವ ವ್ಯವಸ್ಥೆ ಅಂತ ನೋಡಿದರೆ ಮಾತ್ರ ಅರ್ಧ ಅಂಕ ಕೊಡಬೇಕಾಗುತ್ತದೆ. ಮನಸ್ಸು ತಿಳಿಯಾಗುವುದು ಶಿಬಿರ ಮುಗಿದ ಮೇಲೆ, ಮನೆಯಲ್ಲಿ ದಿನಾ ಕೂತು ಅಭ್ಯಾಸ ಮಾಡಿದಾಗ. ಆ ಮನೆಯ ಅಭ್ಯಾಸಕ್ಕೆ ಶಿಬಿರದಲ್ಲಿ ಸಿಗುವ ತಯಾರಿ ತೀರಾ ಕಡಿಮೆ. ಹತ್ತು ದಿನ ಹಟ ಹಿಡಿದು ಕೂತು ಬಂದವರಲ್ಲಿ ಎಷ್ಟೋ ಜನ ಒಂದೆರಡು ತಿಂಗಳಲ್ಲೇ ಧ್ಯಾನ ಬಿಟ್ಟಿರುತ್ತಾರೆ. ವಿಧಾನ ಒಗ್ಗದೆ ಬಿಟ್ಟವರು ಅವರಲ್ಲಿ ಕಡಿಮೆ. ದಿನಕ್ಕೆ ಹತ್ತು ಗಂಟೆ ಕೂರುವುದನ್ನು ಕಲಿತವರಿಗೆ, ಮಕ್ಕಳ ಶಾಲೆಯ ವ್ಯಾನು ಬರುವ ಮುನ್ನ ಸಿಗುವ ಮುಕ್ಕಾಲು ಗಂಟೆಯನ್ನು ಹೇಗೆ ಬಳಸಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಶಿಬಿರದ ಗುಣದೋಷಗಳ ಜೊತೆಗೆ, ಅದರಾಚೆಗೆ ಏನು ಮಾಡಬೇಕು ಅನ್ನುವುದನ್ನೂ ಇಲ್ಲಿ ಬರೆದಿದ್ದೇವೆ.

ಗೋಯೆಂಕಾ ಹುಟ್ಟಿದ್ದು 1924ರಲ್ಲಿ, ಬರ್ಮಾದ ಮಾಂಡಲೆಯ ಒಂದು ವ್ಯಾಪಾರಿ ಮನೆತನದಲ್ಲಿ. ತೀವ್ರ ಅರೆತಲೆನೋವಿನಿಂದ ನರಳುತ್ತಿದ್ದ ಅವರು 1955ರಲ್ಲಿ ರಂಗೂನಿನ ಸಯಾಜಿ ಉ ಬಾ ಖಿನ್ ಅವರಲ್ಲಿಗೆ ಹೋದರು. ಸರ್ಕಾರದ ಅಕೌಂಟೆಂಟ್ ಜನರಲ್ ಹುದ್ದೆಯಲ್ಲಿದ್ದುಕೊಂಡೇ ಧ್ಯಾನ ಕಲಿಸುತ್ತಿದ್ದ ಆ ಗುರು, ತಲೆನೋವು ವಾಸಿ ಮಾಡಿಕೊಳ್ಳಲು ಬರುವುದಾದರೆ ಬರಬೇಡ ಅಂದಿದ್ದರು ಎಂದು ಗೋಯೆಂಕಾ ಅವರೇ ಹೇಳಿಕೊಂಡಿದ್ದಾರೆ. ಶಿಬಿರಕ್ಕೆ ಅರ್ಜಿ ಹಾಕುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ನಿದ್ದೆ ಬರಲಿ, ಬಿಪಿ ಇಳಿಯಲಿ, ಟೆನ್ಷನ್ ಹೋಗಲಿ ಅಂತಲೇ ಹೋದವರಿಗೆ ಮೂರನೇ ದಿನದ ಹೊತ್ತಿಗೆ ಮೋಸ ಹೋದಂತೆ ಅನಿಸುತ್ತದೆ, ಏಕೆಂದರೆ ಮೊದಲ ದಿನಗಳಲ್ಲಿ ಮನಸ್ಸಿನ ಗಲಾಟೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಶಿಬಿರ ನಡೆಸತೊಡಗಿದರು. ಮಹಾರಾಷ್ಟ್ರದ ಇಗತ್‌ಪುರಿಯ ಧಮ್ಮಗಿರಿ ಕೇಂದ್ರ 1976ರಲ್ಲಿ ಶುರುವಾಯಿತು. 2013ರಲ್ಲಿ ಅವರು ತೀರಿಕೊಂಡರೂ ಇಂದಿಗೂ ಎಲ್ಲ ಕೇಂದ್ರಗಳಲ್ಲಿ ಅವರ ಧ್ವನಿಮುದ್ರಿಕೆಯಲ್ಲೇ ಪಾಠ ನಡೆಯುತ್ತದೆ. ಬೆಂಗಳೂರಿನವರಿಗೆ ಹತ್ತಿರದ್ದು ತುಮಕೂರು ರಸ್ತೆಯಿಂದ ಒಳಗಿರುವ ಆಲೂರಿನ ಧಮ್ಮ ಪಫುಲ್ಲ. ಮೆಟ್ರೋ ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ಅಲ್ಲಿಗೆ ಹೋಗುವುದು ಸುಲಭವಾಗಿದೆ.

ಶುಲ್ಕ ಇಲ್ಲ. ಊಟ, ವಸತಿ, ಪಾಠ ಯಾವುದಕ್ಕೂ ದುಡ್ಡು ಕೇಳುವುದಿಲ್ಲ, ಕಲಿಸುವವರಿಗೂ ಸಂಬಳವಿಲ್ಲ. ಒಂದು ಶಿಬಿರ ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ತೆಗೆದುಕೊಳ್ಳುತ್ತಾರೆ, ಅದೂ ಮನಸ್ಸಿದ್ದರೆ. ಮೊದಲೇ ಕೊಡುತ್ತೇನೆ ಅಂದರೂ ಬೇಡ ಅನ್ನುತ್ತಾರೆ. ಇದು ಬರೀ ಔದಾರ್ಯವಲ್ಲ, ಕಲಿಕೆಗೂ ಇದರಿಂದ ಅನುಕೂಲವಿದೆ. ದುಡ್ಡು ಕೊಟ್ಟು ಬಂದವರು ಕೋಣೆ ಚಿಕ್ಕದು, ಪಲ್ಯ ಸಪ್ಪೆ ಅಂತ ಲೆಕ್ಕ ಹಾಕುತ್ತಾರೆ. ಬೇರೆ ಯಾರೋ ಕೊಟ್ಟ ಅನ್ನ ಉಣ್ಣುತ್ತಿದ್ದೇನೆ ಅಂತ ಗೊತ್ತಿದ್ದವರು ಕೊಟ್ಟದ್ದನ್ನು ಉಂಡು ಕೂರುತ್ತಾರೆ.

ಅರ್ಜಿ ಆನ್‌ಲೈನ್‌ನಲ್ಲಿ. ಗಂಡಸರಿಗೂ ಹೆಂಗಸರಿಗೂ ಸೀಟು ಬೇರೆ ಬೇರೆ, ಬೇಗ ತುಂಬುತ್ತವೆ. ವೇಟಿಂಗ್ ಲಿಸ್ಟ್‌ನಲ್ಲಿದ್ದರೆ ಆಸೆ ಬಿಡಬೇಡಿ. ಕೊನೆಯ ವಾರ ರಜೆ ಸಿಗದೆ ಹಿಂದೆ ಸರಿಯುವವರು ಬಹಳ. ಅರ್ಜಿಯಲ್ಲಿ ಕಾಯಿಲೆ, ಔಷಧಿ, ಮಾನಸಿಕ ಆರೋಗ್ಯದ ಬಗ್ಗೆ ಕೇಳುವ ಕಾಲಂಗಳನ್ನು ಪ್ರಾಮಾಣಿಕವಾಗಿ ತುಂಬಿ, ಸೀಟು ಹೋದೀತು ಅಂತ ಮುಚ್ಚಿಡಬೇಡಿ. ಈ ವಿಷಯಕ್ಕೆ ಮುಂದೆ ಬರುತ್ತೇವೆ.

ಬಟ್ಟೆ ಸಡಿಲವಾಗಿರಲಿ. ಹೆಂಗಸರಿಗೆ ಚೂಡಿದಾರ, ಗಂಡಸರಿಗೆ ಪೈಜಾಮ ಅಥವಾ ಟ್ರ್ಯಾಕ್ ಪ್ಯಾಂಟ್ ಸಾಕು. ಚಡ್ಡಿ, ತೋಳಿಲ್ಲದ ಬಟ್ಟೆ ನಡೆಯುವುದಿಲ್ಲ. ಅಲಾರಂ ಗಡಿಯಾರ, ಟಾರ್ಚು, ಛತ್ರಿ, ಸೊಳ್ಳೆಗೆ ಹಚ್ಚುವ ಕ್ರೀಮು, ನೀರಿನ ಬಾಟಲಿ, ವಾಸನೆಯಿಲ್ಲದ ಸೋಪು ಇಟ್ಟುಕೊಳ್ಳಿ. ಜನವರಿಯಲ್ಲಿ ಹೋಗುವವರು ಶಾಲು ಮರೆಯಬೇಡಿ, ಬೆಳಗಿನ ನಾಲ್ಕೂವರೆಗೆ ಹಾಲ್‌ನಲ್ಲಿ ಅಲ್ಲಾಡದೆ ಕೂತರೆ ಚಳಿ ಬೆನ್ನಿಗೇ ಹತ್ತುತ್ತದೆ. ಫೋನು, ಪುಸ್ತಕ, ಪೆನ್ನು, ಜಪಮಾಲೆ ಯಾವುದೂ ಜೊತೆಗಿರಬಾರದು. ಯೋಗಾಸನ, ಪ್ರಾಣಾಯಾಮ, ಪೂಜೆ, ಜಪ ಎಲ್ಲವನ್ನೂ ಹತ್ತು ದಿನದ ಮಟ್ಟಿಗೆ ನಿಲ್ಲಿಸಬೇಕು. ದಿನಾ ಸಂಧ್ಯಾವಂದನೆ ಮಾಡುವವರಿಗೆ, ಲಿಂಗಪೂಜೆ ಇಟ್ಟುಕೊಂಡವರಿಗೆ, ನಮಾಜು ತಪ್ಪಿಸದವರಿಗೆ ಇದು ಸಣ್ಣ ಮಾತಲ್ಲ. ಅದು ಆಗದು ಅನ್ನುವವರು ಅರ್ಜಿ ಹಾಕದಿರುವುದೇ ಮೇಲು, ಅಲ್ಲಿ ಹೋಗಿ ಕದ್ದುಮುಚ್ಚಿ ಮಾಡುವುದರಲ್ಲಿ ಅವರಿಗೂ ಶಿಬಿರಕ್ಕೂ ಒಳಿತಿಲ್ಲ.

ದಿನಚರಿ ಮತ್ತು ಹೊಟ್ಟೆ

ನಾಲ್ಕಕ್ಕೆ ಗಂಟೆ. ನಾಲ್ಕೂವರೆಯಿಂದ ಆರೂವರೆ ಧ್ಯಾನ, ಆಮೇಲೆ ತಿಂಡಿ. ಎಂಟರಿಂದ ಹನ್ನೊಂದು ಧ್ಯಾನ, ಹನ್ನೊಂದಕ್ಕೆ ಊಟ. ಒಂದರಿಂದ ಐದು ಧ್ಯಾನ, ಐದಕ್ಕೆ ಚಹಾ. ಆರರಿಂದ ಏಳು ಧ್ಯಾನ, ಏಳರಿಂದ ಎಂಟೂಕಾಲು ಪ್ರವಚನ, ಒಂಬತ್ತರವರೆಗೆ ಮತ್ತೆ ಧ್ಯಾನ, ಒಂಬತ್ತೂವರೆಗೆ ದೀಪ ಆರುತ್ತದೆ. ಕೂಡಿದರೆ ಹತ್ತೂ ಮುಕ್ಕಾಲು ಗಂಟೆ. ಇದರಲ್ಲಿ ಬೆಳಗ್ಗೆ ಎಂಟು, ಮಧ್ಯಾಹ್ನ ಎರಡೂವರೆ, ಸಂಜೆ ಆರರ ಒಂದೊಂದು ಗಂಟೆ ಎಲ್ಲರೂ ಹಾಲ್‌ನಲ್ಲಿ ಕೂರಲೇಬೇಕು. ಉಳಿದ ಕೆಲವು ಅವಧಿಗಳಲ್ಲಿ ಕೋಣೆಯಲ್ಲೂ ಕೂರಬಹುದು. ಮೊದಲ ಸಲ ಹೋದವರಿಗೆ ಕೋಣೆ ಬೇಡ ಅನ್ನುವುದು ನಮ್ಮ ಸಲಹೆ. ಹಾಸಿಗೆ ಕಣ್ಣಿಗೆ ಬಿದ್ದರೆ ಬೆನ್ನು ತಾನಾಗಿಯೇ ಅದಕ್ಕೆ ಒರಗುತ್ತದೆ.

ರಾತ್ರಿ ಊಟವಿಲ್ಲ. ಹೊಸಬರಿಗೆ ಸಂಜೆ ಐದಕ್ಕೆ ಚಹಾ, ಹಣ್ಣು ಅಥವಾ ಮಂಡಕ್ಕಿಯಂಥ ಏನಾದರೂ ಸಿಗುತ್ತದೆ. ಹಿಂದೆ ಶಿಬಿರ ಮಾಡಿದವರಿಗೆ ನಿಂಬೆಹಣ್ಣಿನ ನೀರು ಮಾತ್ರ. ಹಸಿವೆಯ ಭಯ ಎರಡನೇ ದಿನಕ್ಕೆ ಹೋಗುತ್ತದೆ, ಆದರೆ ಆ ಭಯಕ್ಕೆ ಹನ್ನೊಂದರ ಊಟದಲ್ಲಿ ಹೊಟ್ಟೆ ಬಿರಿಯುವಷ್ಟು ತಿನ್ನುವವರು ಒಂದೂವರೆಯಿಂದ ತೂಕಡಿಸುತ್ತಾ ಕೂರುತ್ತಾರೆ. ಮುಕ್ಕಾಲು ಹೊಟ್ಟೆ ಉಂಡರೆ ಸಾಕು. ಮಲಬದ್ಧತೆ ಇಲ್ಲಿ ಮಾಮೂಲಿ ತೊಂದರೆ: ಊಟದ ಹೊತ್ತು ಬದಲಾಗಿರುತ್ತದೆ, ನಡೆದಾಟ ಕಡಿಮೆ, ಹಾಲ್‌ನಿಂದ ಎದ್ದು ಹೋಗಬೇಕಾದೀತು ಅಂತ ನೀರು ಕುಡಿಯುವುದನ್ನೂ ಕಡಿಮೆ ಮಾಡಿರುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಎರಡು ಲೋಟ ಬಿಸಿನೀರು ಕುಡಿಯಿರಿ, ಊಟದ ನಂತರದ ಬಿಡುವಿನಲ್ಲಿ ಅರ್ಧ ಗಂಟೆ ನಡೆಯಿರಿ.

ದಿನಕ್ಕೆ ನಾಲ್ಕೈದು ಲೋಟ ಫಿಲ್ಟರ್ ಕಾಫಿ ಕುಡಿಯುವವರಿಗೆ ಎರಡನೇ ದಿನ ಹಣೆಯ ಎರಡೂ ಬದಿ ಹಿಂಡುವಂಥ ತಲೆನೋವು ಬರುತ್ತದೆ. ಅದನ್ನು ಅವರು ಧ್ಯಾನದ ಪ್ರಭಾವ ಅಂತಲೋ, ಒಳಗಿದ್ದದ್ದು ಹೊರಬರುತ್ತಿದೆ ಅಂತಲೋ ಭಾವಿಸುತ್ತಾರೆ. ಅಲ್ಲ, ಅದು ಕೆಫೀನ್ ಸಿಗದಿದ್ದಕ್ಕೆ ಬಂದ ತಲೆನೋವು. ಹೋಗುವ ಹತ್ತು ದಿನ ಮುಂಚಿನಿಂದ ಕಾಫಿಯನ್ನು ಎರಡು ದಿನಕ್ಕೊಂದು ಲೋಟದಂತೆ ಇಳಿಸುತ್ತಾ ಬಂದರೆ ಇದು ಬರುವುದೇ ಇಲ್ಲ.

ಸಕ್ಕರೆ ಕಾಯಿಲೆಯವರು ಜಾಗ್ರತೆ. ಬೆಳಗ್ಗೆ ಹನ್ನೊಂದರ ಊಟದಿಂದ ಮರುದಿನದ ತಿಂಡಿಯವರೆಗೆ ಹೊಟ್ಟೆಗೆ ಬೀಳುವುದು ಸಂಜೆಯ ಆ ಅಲ್ಪಾಹಾರ ಮಾತ್ರ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಕೆಲವು ಮಾತ್ರೆಗಳಿಂದಲೂ ಹಾಗಾಗುತ್ತದೆ. ಡಾಕ್ಟರಿಗೆ ಈ ವೇಳಾಪಟ್ಟಿ ತೋರಿಸಿ ಡೋಸು ಕೇಳಿಕೊಂಡು ಬನ್ನಿ. ಅರ್ಜಿಯಲ್ಲೂ ಬರೆಯಿರಿ, ಬಂದ ದಿನವೇ ಧಮ್ಮಸೇವಕರಿಗೂ (ಶಿಬಿರದ ಸ್ವಯಂಸೇವಕರು) ಹೇಳಿ. ಯಾವ ಔಷಧಿಯನ್ನೂ ಧ್ಯಾನದ ಹೆಸರಿನಲ್ಲಿ ನಿಲ್ಲಿಸಬೇಡಿ.

ಕೂರುವುದು

ಶಿಬಿರದ ಅರ್ಧ ಕಷ್ಟ ಮಂಡಿಯಲ್ಲಿದೆ, ಆ ಕಷ್ಟದಲ್ಲೂ ಅರ್ಧ ಬೇಡದ್ದು. ಸೊಂಟ ಮಂಡಿಗಿಂತ ಎತ್ತರದಲ್ಲಿರಬೇಕು ಅನ್ನುವುದೊಂದು ತಿಳಿದಿದ್ದರೆ ಸಾಕು. ಸಮತಟ್ಟಾದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೆ, ಅಭ್ಯಾಸವಿಲ್ಲದವರ ಮಂಡಿ ಗಾಳಿಯಲ್ಲಿ ನಿಲ್ಲುತ್ತದೆ, ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಬಾಗುತ್ತದೆ. ಆಗ ಬೆನ್ನಿನ ಸ್ನಾಯುಗಳು ಗಂಟೆಯಿಡೀ ದೇಹವನ್ನು ಎತ್ತಿ ಹಿಡಿದು ದುಡಿಯಬೇಕು. ಕುಂಡೆಯ ಕೆಳಗೆ ನಾಲ್ಕರಿಂದ ಆರು ಅಂಗುಲ ಎತ್ತರದ ಗಟ್ಟಿ ದಿಂಬು ಇಟ್ಟು, ಅದರ ಮುಂದಿನ ತುದಿಯಲ್ಲಿ ಕೂತರೆ ಸೊಂಟ ಮುಂದಕ್ಕೆ ವಾಲಿ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೆತ್ತನೆಯ ದಿಂಬಾದರೆ ಹತ್ತು ನಿಮಿಷಕ್ಕೆ ಕುಸಿಯುತ್ತದೆ. ಒಂದು ಕಾಲಿನ ಮೇಲೆ ಇನ್ನೊಂದನ್ನು ಏರಿಸಬೇಡಿ, ಒಂದರ ಮುಂದೆ ಒಂದು ನೆಲಕ್ಕೆ ತಾಗುವಂತೆ ಇಡಿ. ಮಂಡಿ ನೆಲ ಮುಟ್ಟದಿದ್ದರೆ ಅದರ ಕೆಳಗೆ ಮಡಿಸಿದ ಟವೆಲ್ ಕೊಡಿ. ಹಾಲ್‌ನಲ್ಲಿ ಹೆಚ್ಚುವರಿ ದಿಂಬು ಕೇಳಿದರೆ ಕೊಡುತ್ತಾರೆ. ನಾಲ್ಕನೇ ದಿನದ ಹೊತ್ತಿಗೆ ಕೆಲವರು ದಿಂಬಿನ ಕೋಟೆಯನ್ನೇ ಕಟ್ಟಿಕೊಂಡಿರುತ್ತಾರೆ, ಅಷ್ಟು ಬೇಕಿಲ್ಲ. ಸೊಂಟದ ಎತ್ತರ ಸರಿಯಾದರೆ ಎರಡು ದಿಂಬಿನಲ್ಲಿ ಮುಗಿಯುತ್ತದೆ.

ಜೋಮು ಹಿಡಿಯುವುದು ನರದ ಮೇಲೆ ಒತ್ತಡ ಬಿದ್ದಾಗ. ಗಂಟೆ ಮುಗಿದ ಕೂಡಲೇ ದಡಕ್ಕನೆ ಏಳಬೇಡಿ, ಸ್ಪರ್ಶವಿಲ್ಲದ ಪಾದ ಮಡಚಿಕೊಂಡು ಬೀಳುವವರಿದ್ದಾರೆ. ಕಾಲು ಚಾಚಿ, ಪಾದದ ಬೆರಳು ಆಡಿಸಿ, ಇರುವೆ ಹರಿದಂತಾಗುವುದು ನಿಂತ ಮೇಲೆ ಏಳಿ. ಮಂಡಿಯ ಒಳಗೆ ಚುಚ್ಚಿದಂಥ ನೋವು ಬಂದು, ಎದ್ದು ಐದು ನಿಮಿಷ ನಡೆದ ಮೇಲೂ ಹೋಗದಿದ್ದರೆ ಅದು ಕೀಲಿನ ನೋವು. ಅದನ್ನು ಸಹಿಸುವುದು ಸಾಧನೆಯಲ್ಲ. ಕುರ್ಚಿ ಕೇಳಿ. ಐವತ್ತು ದಾಟಿದವರು, ಮಂಡಿ ಸವೆತ ಇರುವವರು ಮೊದಲ ಸಂಜೆಯೇ ಕುರ್ಚಿ ಕೇಳಿಕೊಳ್ಳುವುದು ಜಾಣತನ. ಧ್ಯಾನಕ್ಕೆ ಬೇಕಿರುವುದು ನೆಟ್ಟಗಿನ ಬೆನ್ನು, ಅದು ಕುರ್ಚಿಯಲ್ಲೂ ಆಗುತ್ತದೆ.

ಆನಾಪಾನ: ಮೂರೂವರೆ ದಿನ ಮೂಗಿನ ತುದಿಯಲ್ಲಿ

ಮೊದಲ ಮೂರೂವರೆ ದಿನ ಆನಾಪಾನ, ಅಂದರೆ ಉಸಿರಾಟವನ್ನು ಗಮನಿಸುವುದು ಮಾತ್ರ. ಮೊದಲ ದಿನ ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು ಗೊತ್ತಾದರೆ ಸಾಕು. ಎರಡನೇ ದಿನ ಅದು ಎಲ್ಲಿ ತಾಗುತ್ತದೆ ಅಂತ ಗಮನಿಸಬೇಕು. ಮೂರನೇ ದಿನ ಮೂಗು ಮತ್ತು ಮೇಲ್ದುಟಿಯ ನಡುವಿನ ತ್ರಿಕೋನದಲ್ಲಿ ಏನು ಸಂವೇದನೆ ಇದೆ ಅಂತ ನೋಡಬೇಕು: ಬಿಸಿ, ತಣ್ಣಗೆ, ತುರಿಕೆ, ಬೆವರು, ಏನಾದರೂ ಸರಿ. ಆಮೇಲೆ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲಿರುವ ಬೆರಳ ತುದಿಯಷ್ಟು ಜಾಗಕ್ಕೆ ಗಮನವನ್ನು ಕಿರಿದು ಮಾಡುತ್ತಾರೆ.

ಇಷ್ಟು ಸಣ್ಣ ಕೆಲಸದಲ್ಲಿ ತಪ್ಪು ಮಾಡುವುದಕ್ಕೆ ಜಾಗ ಎಲ್ಲಿದೆ ಅನಿಸಬಹುದು. ಇದೆ. ನಮ್ಮಲ್ಲಿ ಪ್ರಾಣಾಯಾಮದ ಅಭ್ಯಾಸ ಇರುವವರೇ ಹೆಚ್ಚು ಎಡವುತ್ತಾರೆ. ಉಸಿರನ್ನು ಗಮನಿಸು ಅಂದ ಕೂಡಲೇ ಅವರು ಅದನ್ನು ಉದ್ದ ಮಾಡುತ್ತಾರೆ, ಸಮ ಮಾಡುತ್ತಾರೆ. ಎರಡು ಗಂಟೆ ಹಾಗೆ ಮಾಡಿದರೆ ಎದೆ ಬಿಗಿಯುತ್ತದೆ, ತಲೆ ತೇಲಿದಂತಾಗುತ್ತದೆ. ಉಸಿರು ಚಿಕ್ಕದಿದ್ದರೆ ಚಿಕ್ಕದು, ಎಡ ಹೊಳ್ಳೆಯಲ್ಲಿದ್ದರೆ ಎಡದಲ್ಲಿ. ಇದ್ದದ್ದನ್ನು ಇದ್ದಂತೆ ಬಿಡಬೇಕು. ಉಸಿರು ತೀರಾ ಸೂಕ್ಷ್ಮವಾಗಿ ಗೊತ್ತೇ ಆಗದಿದ್ದಾಗ ಮಾತ್ರ ನಾಲ್ಕೈದು ಸಲ ಸ್ವಲ್ಪ ಜೋರಾಗಿ ಉಸಿರಾಡಿ, ಮತ್ತೆ ಸಹಜಕ್ಕೆ ಬಿಡಬೇಕು. ಇನ್ನು ಕೆಲವರು ಮುಚ್ಚಿದ ಕಣ್ಣಿನ ಒಳಗಿಂದಲೇ ಮೂಗಿನ ತುದಿಯನ್ನು ನೋಡಲು ಯತ್ನಿಸುತ್ತಾರೆ. ಹುಬ್ಬುಗಳ ನಡುವೆ ಸಿಡಿತ ಬಂದರೆ ಕಾರಣ ಇದೇ. ಕಣ್ಣುಗುಡ್ಡೆ ಸಡಿಲ ಬಿಟ್ಟು, ಮುಟ್ಟಿದ್ದು ಚರ್ಮಕ್ಕೆ ಗೊತ್ತಾಗಲಿ ಅಂತ ಕಾದರೆ ಸಿಡಿತ ಹೋಗುತ್ತದೆ.

ಮನಸ್ಸು ಓಡಿಹೋಗುವುದು ತಪ್ಪಲ್ಲ. ಓಡಿಹೋಗಿ ಹದಿನೈದು ನಿಮಿಷ ಆಗಿತ್ತು ಅಂತ ಗೊತ್ತಾದಾಗ ಆಗುವ ಸಿಟ್ಟು ಇದೆಯಲ್ಲ, ಅದು ಕೆಲಸ ಕೆಡಿಸುತ್ತದೆ. ಹಸು ಕಟ್ಟುವವರು ಕರು ಹಗ್ಗ ಬಿಚ್ಚಿಕೊಂಡಾಗ ಬೈಯುತ್ತಾ ನಿಲ್ಲದೆ ಹಿಡಿದು ತಂದು ಕಟ್ಟುತ್ತಾರಲ್ಲ, ಅಷ್ಟೇ ಮಾಡಿ. ಮೂರನೇ ದಿನದ ಸಂಜೆ ಹೊತ್ತಿಗೆ ಓಟ ನಿಂತಿರುವುದಿಲ್ಲ, ಓಡಿದ್ದು ಬೇಗ ಗೊತ್ತಾಗತೊಡಗುತ್ತದೆ. ಇಡೀ ಶಿಬಿರದಲ್ಲಿ ಮನೆಗೆ ತೆಗೆದುಕೊಂಡು ಹೋಗಬಹುದಾದ ಅತಿ ಬೆಲೆಯ ಸಂಗತಿ ಇದು ಅಂತ ನಮಗನಿಸುತ್ತದೆ. ಆದರೆ ಮುಂದಿನ ದಿನಗಳ ಭರಾಟೆಯಲ್ಲಿ ಹೆಚ್ಚಿನವರು ಇದನ್ನು ಬರೀ ಪೂರ್ವಸಿದ್ಧತೆ ಅಂತ ಮರೆತುಬಿಡುತ್ತಾರೆ.

ನಾಲ್ಕನೇ ದಿನದಿಂದ

ನಾಲ್ಕನೇ ದಿನ ಮಧ್ಯಾಹ್ನ ವಿಪಶ್ಯನದ ಪಾಠ. ನೆತ್ತಿಯಿಂದ ಶುರು ಮಾಡಿ ಮುಖ, ಬಲತೋಳು, ಎಡತೋಳು, ಕತ್ತು, ಎದೆ, ಹೊಟ್ಟೆ, ಬೆನ್ನು, ಕಾಲು ಅಂತ ಒಂದೊಂದೇ ಭಾಗದಲ್ಲಿ ಗಮನ ಹರಿಸುತ್ತಾ ಅಂಗಾಲಿಗೆ ಇಳಿಯಬೇಕು. ಅಲ್ಲಿ ಏನು ಸಂವೇದನೆ ಇದ್ದರೂ ಗಮನಿಸಬೇಕು, ಅದು ಹೋಗಲಿ ಅಂತಾಗಲಿ ಇರಲಿ ಅಂತಾಗಲಿ ಬಯಸಬಾರದು. ಏನೂ ಗೊತ್ತಾಗದ ಜಾಗದಲ್ಲಿ ಸುಮಾರು ಒಂದು ನಿಮಿಷ ನಿಂತು ಮುಂದೆ ಹೋಗಬೇಕು. ಒಂದು ಸುತ್ತಿಗೆ ಹತ್ತು ನಿಮಿಷ ಹಿಡಿದರೆ ಸರಿಯಾದ ವೇಗ. ಮುಂದಿನ ದಿನಗಳಲ್ಲಿ ಕೆಳಗಿಂದ ಮೇಲಕ್ಕೂ, ಎರಡೂ ತೋಳುಗಳಲ್ಲಿ ಒಟ್ಟಿಗೂ, ಕೊನೆಗೆ ಮೈಯಿಡೀ ಒಂದೇ ಹರಿವಿನಲ್ಲೂ ನೋಡಲು ಹೇಳುತ್ತಾರೆ.

ಇದೇ ದಿನದಿಂದ ಅಧಿಷ್ಠಾನ: ಮೂರು ಸಾಮೂಹಿಕ ಅವಧಿಗಳಲ್ಲಿ ಗಂಟೆಯಿಡೀ ಕಣ್ಣು ತೆರೆಯದೆ, ಕೈಕಾಲು ಬಿಚ್ಚದೆ ಕೂರುವ ಸಂಕಲ್ಪ. ನಲವತ್ತನೇ ನಿಮಿಷದ ನಂತರ ಬರುವ ಉರಿ ಅಲುಗಿದರೆ ಹೋಗುತ್ತದೆ ಅಂತ ಗೊತ್ತಿದ್ದೂ ಅಲುಗದೆ ನೋಡಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಉರಿ ಒಂದೇ ಸಮ ಇಲ್ಲ. ಅಂಚಿನಲ್ಲಿ ಮಿಡಿಯುತ್ತದೆ, ನಡುವೆ ಕಾವಾಗುತ್ತದೆ, ಒಂದು ಕ್ಷಣ ಇಲ್ಲವೇ ಇಲ್ಲ, ಮತ್ತೆ ಬರುತ್ತದೆ. ಅಯ್ಯೋ ಇನ್ನೂ ಇಪ್ಪತ್ತು ನಿಮಿಷ ಇದೆ ಅನ್ನುವ ಯೋಚನೆ ಬಂದಾಗಲೆಲ್ಲ ಅದು ದೊಡ್ಡದಾಗುತ್ತದೆ. ನೋವು ಬೇರೆ, ನೋವಿನ ಮೇಲಿನ ಗೊಣಗಾಟ ಬೇರೆ ಎಂಬುದು ಓದಿ ತಿಳಿದವರಿಗೂ ಮೈಗೆ ತಿಳಿಯುವುದು ಇಲ್ಲಿ. ಕೀಲಿನ ಚುಚ್ಚುನೋವಿಗೆ ಮೇಲೆ ಹೇಳಿದ ಎಚ್ಚರಿಕೆ ಇಲ್ಲೂ ಅನ್ವಯಿಸುತ್ತದೆ.

ಏಳನೇ ದಿನದಿಂದ ಇನ್ನೊಂದು ಬಗೆಯ ತೊಡಕು. ಕೆಲವರಿಗೆ ಮೈತುಂಬ ಸಣ್ಣಗೆ ಜುಮ್ಮೆನ್ನುವ ಹರಿವು ಗೊತ್ತಾಗತೊಡಗುತ್ತದೆ, ಹಿತವಾಗಿರುತ್ತದೆ. ಮರುದಿನ ಅದು ಬರದಿದ್ದರೆ ಕೆಟ್ಟಿತು ಅಂತ ಕೊರಗುತ್ತಾರೆ. ಪಕ್ಕದವರ ಮುಖ ಶಾಂತವಾಗಿ ಕಂಡರೆ ಅವರಿಗೆ ಸಿಕ್ಕಿದೆ, ನನಗಿಲ್ಲ ಅಂದುಕೊಳ್ಳುತ್ತಾರೆ. ಹಿತವಾದ ಹರಿವನ್ನು ಬಯಸುವುದೂ ಮಂಡಿನೋವನ್ನು ದ್ವೇಷಿಸುವುದೂ ಒಂದೇ ಅಭ್ಯಾಸದ ಎರಡು ಮುಖ ಅಂತ ಪ್ರವಚನದಲ್ಲಿ ದಿನಾ ಹೇಳಿದರೂ ಈ ಹಳ್ಳಕ್ಕೆ ಬೀಳದವರು ಕಡಿಮೆ. ಹತ್ತು ದಿನದಲ್ಲಿ ಬರೀ ಒರಟು ಸಂವೇದನೆಗಳೇ ಗೊತ್ತಾಗಿ, ಆದರೂ ಸಮಚಿತ್ತದಿಂದ ಕೂತವರ ಶಿಬಿರ ಚೆನ್ನಾಗಿಯೇ ಆಗಿದೆ.

ಮೌನದ ಬಗ್ಗೆ ಹೊರಗಿನವರಿಗೆ ಇರುವಷ್ಟು ಭಯ ಒಳಗೆ ಹೋದವರಿಗೆ ಇರುವುದಿಲ್ಲ. ಮೊದಲ ಸಂಜೆಯಿಂದ ಹತ್ತನೇ ದಿನದ ಬೆಳಗಿನವರೆಗೆ ಮಾತಿಲ್ಲ, ಸನ್ನೆಯೂ ಇಲ್ಲ. ಆದರೆ ಬಕೆಟ್ ಬೇಕು, ಹೊಟ್ಟೆ ಸರಿಯಿಲ್ಲ ಅಂತ ಸೇವಕರಿಗೂ, ವಿಧಾನದ ಸಂದೇಹವನ್ನು ಶಿಬಿರ ನಡೆಸಿಕೊಡುವ ಸಹಾಯಕ ಆಚಾರ್ಯರಿಗೂ ಹೇಳಬಹುದು. ಮಧ್ಯಾಹ್ನ ಹನ್ನೆರಡರಿಂದ ಒಂದರೊಳಗೆ ಆಚಾರ್ಯರ ಭೇಟಿಗೆ ಹೆಸರು ಬರೆಸಬಹುದು. ಸಿಗುವುದು ಕೆಲವೇ ನಿಮಿಷ, ಹಾಗಾಗಿ ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿಕೊಂಡು ಹೋಗಿ.

ವ್ಯವಸ್ಥೆಯ ದೊಡ್ಡ ಮಿತಿ ಇಲ್ಲೇ ಇದೆ. 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಒಟ್ಟಿಗೆ ಕೂರಿಸಿದಾಗ ನಡೆದ ಪಾಠವೂ, ಇಂದು ಆಲೂರಿನಲ್ಲಿ ನಡೆಯುವ ಪಾಠವೂ ಒಂದೇ ಅಚ್ಚಿನದು. ಎಲ್ಲರಿಗೂ ಒಂದೇ ಪಾಠ ಆಗಿರುವುದರಿಂದ ಯಾವ ಊರಿನಲ್ಲಿ ಕೂತರೂ ಗುಣಮಟ್ಟ ಕೆಡುವುದಿಲ್ಲ. ಆದರೆ ನಿಮ್ಮೊಬ್ಬರ ತೊಡಕಿಗೆ ತಕ್ಕ ಮಾತು ಸಿಗುವುದು ಅಪರೂಪ. ಆಚಾರ್ಯರ ಉತ್ತರ ಬಹುಪಾಲು ಗಮನಿಸುತ್ತಿರಿ, ಸಮತೆ ಇರಲಿ ಅನ್ನುವುದರಲ್ಲೇ ಮುಗಿಯುತ್ತದೆ. ಸಂಜೆಯ ಪ್ರವಚನ ಮಾತ್ರ ಸೊಗಸಾಗಿರುತ್ತದೆ. ಅಂದಂದಿನ ಕಷ್ಟಕ್ಕೆ ಅಂದೇ ಉತ್ತರ ಸಿಕ್ಕಂತಿರುತ್ತದೆ. ಪುನರ್ಜನ್ಮ, ಸಂಸ್ಕಾರಗಳ ಕುರಿತ ಭಾಗ ಒಪ್ಪಲಾಗದವರು ಅದನ್ನು ಸದ್ಯಕ್ಕೆ ಬದಿಗಿಡಬಹುದು ಅಂತ ಗೋಯೆಂಕಾ ಅವರೇ ಅನುಮತಿ ಕೊಡುತ್ತಾರೆ. ಬೆಳಗ್ಗೆ ಕೇಳಿಸುವ ಪಾಲಿ ಭಾಷೆಯ ಪಠಣ ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಕಿರಿಕಿರಿ. ಕಿರಿಕಿರಿ ಆದವರು ಅದನ್ನೂ ಒಂದು ಸಂವೇದನೆ ಅಂತ ನೋಡಬಹುದು.

ಯಾರು ಹೋಗಬಾರದು

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇದ್ದವರು, ಹಿಂದೆ ಅಂಥ ಕಾಯಿಲೆ ಬಂದು ಹೋಗಿದ್ದವರು, ಈಗಷ್ಟೇ ಆಪ್ತರನ್ನು ಕಳೆದುಕೊಂಡು ಕುಸಿದಿರುವವರು ಈ ಶಿಬಿರಕ್ಕೆ ಹೋಗಬಾರದು. ದಿನಕ್ಕೆ ಹತ್ತು ಗಂಟೆ ಮೌನದಲ್ಲಿ ತನ್ನೊಳಗೇ ನೋಡುವುದು ಆರೋಗ್ಯವಂತರಿಗೂ ಭಾರವೇ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಅರ್ಜಿ ಹಾಕಬೇಡಿ. ಶಿಬಿರದ ನಡುವೆ ನಿದ್ದೆ ಸ್ವಲ್ಪ ಕಡಿಮೆಯಾಗುವುದು, ಹಳೆಯ ನೆನಪು ಬಂದು ಅಳು ಬರುವುದು ಸಾಮಾನ್ಯ. ಎರಡು ರಾತ್ರಿ ಕಣ್ಣೇ ಮುಚ್ಚದಿದ್ದರೆ, ಯೋಚನೆಗಳು ಹಿಡಿತಕ್ಕೆ ಸಿಗದೆ ಓಡುತ್ತಿದ್ದರೆ, ಇಲ್ಲದ ದನಿ ಕೇಳಿಸಿದರೆ, ಜೀವ ಬೇಡ ಅನಿಸಿದರೆ ಅದು ಸಾಧನೆಯ ಹಂತವಲ್ಲ, ಅಪಾಯದ ಸೂಚನೆ. ಕೂಡಲೇ ಆಚಾರ್ಯರಿಗೆ ಹೇಳಿ ಧ್ಯಾನ ನಿಲ್ಲಿಸಿ, ಮನೆಯವರನ್ನು ಕರೆಸಿಕೊಂಡು ವೈದ್ಯರ ಬಳಿ ಹೋಗಿ. ಹತ್ತು ದಿನ ಬಿಟ್ಟು ಹೋಗುವುದಿಲ್ಲ ಅಂತ ಕೊಟ್ಟ ಮಾತಿಗಿಂತ ಇದು ದೊಡ್ಡದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ರಜೆ ಸಿಗದವರಿಗೆ, ಚಿಕ್ಕ ಮಕ್ಕಳ ತಾಯಂದಿರಿಗೆ ಎಂಟು ವಾರದ ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಬೇಸ್ಡ್ ಸ್ಟ್ರೆಸ್ ರಿಡಕ್ಷನ್, ಧ್ಯಾನದ ಮೂಲಕ ಒತ್ತಡ ಇಳಿಸುವ ಕ್ರಮ) ತರಬೇತಿ ಒಳ್ಳೆಯ ಪರ್ಯಾಯ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಜಾನ್ ಕಬಾಟ್ ಝಿನ್ ಶುರು ಮಾಡಿದ ಈ ಕ್ರಮದಲ್ಲಿ ವಾರಕ್ಕೊಂದು ತರಗತಿ ಇರುತ್ತದೆ, ಮನೆಯಲ್ಲಿ ದಿನಾ ಸುಮಾರು ಮುಕ್ಕಾಲು ಗಂಟೆ ಅಭ್ಯಾಸ ಮಾಡಬೇಕು. ಆಳದಲ್ಲಿ ಶಿಬಿರಕ್ಕೆ ಸಮನಲ್ಲ. ಆದರೆ ಮೊದಲ ದಿನದಿಂದಲೇ ಮನೆಯಲ್ಲಿ ಮಾಡುವುದರಿಂದ ಅಭ್ಯಾಸ ಮನೆಗೇ ಅಂಟಿಕೊಳ್ಳುತ್ತದೆ, ಶಿಬಿರ ಸೋಲುವುದು ಇಲ್ಲೇ.

ಮನೆಗೆ ಬಂದ ಮೇಲೆ

ಹತ್ತನೇ ದಿನ ಎಲ್ಲರಿಗೂ ಒಳಿತಾಗಲಿ ಅಂತ ಹಾರೈಸುವ ಮೈತ್ರಿಧ್ಯಾನ ಕಲಿಸಿ ಮೌನ ಬಿಡಿಸುತ್ತಾರೆ, ಹನ್ನೊಂದನೇ ದಿನ ಬೆಳಗ್ಗೆ ಏಳೂವರೆಗೆ ಎಲ್ಲ ಮುಗಿಯುತ್ತದೆ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ, ವಾರಕ್ಕೊಮ್ಮೆ ಸಾಮೂಹಿಕ ಧ್ಯಾನಕ್ಕೆ ಬನ್ನಿ, ವರ್ಷಕ್ಕೊಂದು ಶಿಬಿರ ಮಾಡಿ ಅಂತ ಹೇಳಿ ಕಳಿಸುತ್ತಾರೆ. ಆದರ್ಶ ಸರಿ. ಆದರೆ ಎರಡು ಗಂಟೆ ಆಗದವರು ಏನು ಮಾಡಬೇಕು ಅನ್ನುವುದಕ್ಕೆ ಅಲ್ಲಿ ಉತ್ತರ ಇಲ್ಲ. ಅದರಿಂದ ಎರಡು ಗಂಟೆ ಆಗದ ದಿನ ಸೊನ್ನೆ ನಿಮಿಷ ಆಗುತ್ತದೆ, ಸೊನ್ನೆಯ ದಿನಗಳು ಸೇರಿ ಅಭ್ಯಾಸ ನಿಲ್ಲುತ್ತದೆ.

ನಮ್ಮ ಸಲಹೆ: ಬೆಳಗ್ಗೆ 45 ನಿಮಿಷ ಕಡ್ಡಾಯ, ಸಂಜೆ 20 ನಿಮಿಷ, ಕೈಮೀರಿದ ದಿನ 10 ನಿಮಿಷ, ಆದರೆ ಸೊನ್ನೆ ಬೇಡ. ಬೆಳಗಿನ ಮುಕ್ಕಾಲು ಗಂಟೆಯಲ್ಲಿ ಮೊದಲ ಹದಿನೈದು ನಿಮಿಷ ಆನಾಪಾನ. ನಂತರದ ಇಪ್ಪತ್ತೈದು ನಿಮಿಷದಲ್ಲಿ ನೆತ್ತಿಯಿಂದ ಪಾದಕ್ಕೆ, ಪಾದದಿಂದ ನೆತ್ತಿಗೆ ಎರಡು ನಿಧಾನದ ಸುತ್ತು. ಕೊನೆಯ ಐದು ನಿಮಿಷ ಮೈತ್ರಿ. ಮನಸ್ಸು ತೀರಾ ಕದಡಿದ ದಿನ ಪೂರ್ತಿ ಆನಾಪಾನವೇ ಮಾಡಿ, ಅದೇನೂ ಕೀಳು ದರ್ಜೆಯದಲ್ಲ. ನಿನ್ನೆ ತಪ್ಪಿದ್ದನ್ನು ಇವತ್ತು ದುಪ್ಪಟ್ಟು ಕೂತು ತುಂಬಿಸಲು ಹೋಗಬೇಡಿ, ಮೂರನೇ ದಿನ ಬೇಸರ ಬರುತ್ತದೆ.

ಜಾಗ ಒಂದೇ ಇರಲಿ. ಮಡಿಸಿದ ಜಮಖಾನೆ, ಅದರ ಮೇಲೊಂದು ಗಟ್ಟಿ ದಿಂಬು ಯಾವಾಗಲೂ ಹಾಸಿಯೇ ಇರಲಿ. ಎತ್ತಿಟ್ಟರೆ ಮರುದಿನ ಹಾಸಲು ಸೋಮಾರಿತನ ಬರುತ್ತದೆ. ಹಾಲು ಕಾಯಿಸುವ ಮೊದಲು, ಫೋನು ಮುಟ್ಟುವ ಮೊದಲು ಕೂರಿ. ವಾಟ್ಸಾಪ್ ಒಮ್ಮೆ ನೋಡಿ ಕೂತರೆ ಹದಿನೈದು ನಿಮಿಷ ಅದನ್ನು ಕೆಳಗಿಳಿಸಲೇ ಹೋಗುತ್ತದೆ. ಟೈಮರಿಗೆ ಫೋನೇ ಬೇಕಾದರೆ ರಾತ್ರಿಯೇ ಏರೋಪ್ಲೇನ್ ಮೋಡಿಗೆ ಹಾಕಿಡಿ. ಪಕ್ಕದ ಮನೆಯ ಮಿಕ್ಸಿ, ಸುಪ್ರಭಾತ, ತರಕಾರಿ ಗಾಡಿಯ ಕೂಗು ಇರುತ್ತವೆ. ಸದ್ದು ನಿಲ್ಲಲಿ ಅಂತ ಕಾಯುವುದೇ ಅಡ್ಡಿ, ಸದ್ದಲ್ಲ. ಸಂಜೆಯ ಅವಧಿ ಊಟಕ್ಕೆ ಮುಂಚೆ ಆಗಲಿ, ರಾತ್ರಿ ಉಂಡು ಕೂತರೆ ಅದು ನಿದ್ದೆಯ ಪೀಠಿಕೆಯಾಗುತ್ತದೆ. ಮಲಗಿಕೊಂಡು ಮಾಡುವುದು ಮಲಗುವ ಮುಂಚಿನ ಐದು ನಿಮಿಷಕ್ಕಷ್ಟೇ ಸರಿ.

ಪ್ರಗತಿಯನ್ನು ದಿಂಬಿನ ಮೇಲೆ ಅಳೆಯಬೇಡಿ. ಶಿಬಿರದಲ್ಲಿ ಸಿಕ್ಕಿದ್ದ ಆ ಜುಮ್ಮೆನ್ನುವ ಹರಿವು ಮನೆಯಲ್ಲಿ ಎರಡು ವಾರದಲ್ಲಿ ಮಾಯವಾಗುತ್ತದೆ. ಹತ್ತು ಗಂಟೆಯ ಏಕಾಗ್ರತೆ ಮುಕ್ಕಾಲು ಗಂಟೆಯಲ್ಲಿ ಬರುವುದಿಲ್ಲ. ಅಳೆಯಬೇಕಾದ್ದು ಬೇರೆ ಕಡೆ: ಆಫೀಸಿನಿಂದ ಬಂದ ಮೆಸೇಜು ಓದಿದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಬಿಗಿ ಎದ್ದದ್ದು, ಉತ್ತರ ಟೈಪ್ ಮಾಡುವ ಮೊದಲೇ ಗೊತ್ತಾಯಿತೇ? ಮಗುವಿನ ಮೇಲೆ ರೇಗಿದ ದನಿ ಎರಡನೇ ವಾಕ್ಯಕ್ಕೇ ಇಳಿಯಿತೇ? ಸಿಟ್ಟು ಬರುವುದು ನಿಲ್ಲುವುದಿಲ್ಲ, ಉಳಿಯುವ ಹೊತ್ತು ಕಡಿಮೆಯಾಗುತ್ತದೆ. ಬೆಳಗ್ಗೆ ತಪ್ಪದೆ ಕೂರುವವರಿಗೆ ಇದು ಒಂದೆರಡು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ, ಬಹಳ ಸಲ ಅವರಿಗಿಂತ ಮೊದಲು ಮನೆಯವರಿಗೆ.

ಕೊನೆಯದಾಗಿ ರಜೆಯ ಲೆಕ್ಕ. ಬಂದಿಳಿಯುವ ದಿನ, ಹತ್ತು ದಿನ, ಹೊರಡುವ ದಿನ ಸೇರಿ 12 ದಿನ ಅಂತ ಎಲ್ಲರೂ ಅಷ್ಟಕ್ಕೇ ರಜೆ ಹಾಕುತ್ತಾರೆ. 14 ದಿನ ಹಾಕಿ. ಶಿಬಿರದ ನಂತರದ ಎರಡು ದಿನ ಮನೆಯಲ್ಲಿರಿ, ನೆಂಟರ ಮನೆ ಬೇಡ, ಪ್ರಯಾಣ ಬೇಡ. ಜಮಖಾನೆ ಎಲ್ಲಿ ಹಾಸಬೇಕು, ಅಲಾರಂ ಎಷ್ಟಕ್ಕೆ ಇಡಬೇಕು, ಆ ಹೊತ್ತಿನಲ್ಲಿ ಕಾಲಿಂಗ್ ಬೆಲ್ ಆದರೆ ಯಾರು ಬಾಗಿಲು ತೆಗೆಯಬೇಕು ಅನ್ನುವುದನ್ನು ಮನೆಯವರ ಜೊತೆ ಕೂತು ಗೊತ್ತು ಮಾಡಿಕೊಂಡು, ಆ ಎರಡು ದಿನವೂ ಹಾಗೆಯೇ ಕೂತು ನೋಡಿ. ಎಡವಟ್ಟು ಇದ್ದರೆ ಕೆಲಸಕ್ಕೆ ಹೋಗುವ ಮುಂಚೆಯೇ ಗೊತ್ತಾಗುತ್ತದೆ.